ಡೀಸೆಲ್ ಟ್ಯಾಂಕಿಗೆ 2ಟಿ ಆಯಿಲ್: ಹಾಕಬೇಕೇ, ಬೇಡವೇ?

ಮಲೆನಾಡಿನ ತೋಟದ ಮನೆಗಳಲ್ಲಿ 2ಟಿ ಆಯಿಲ್ ಬಾಟಲಿ ಇಲ್ಲದ ಶೆಡ್ ಸಿಗುವುದು ಕಷ್ಟ. ಕಳೆ ಹೊಡೆಯುವ ಮಷಿನ್ನಿಗೆ, ಮರ ಕೊಯ್ಯುವ ಗರಗಸಕ್ಕೆ, ಔಷಧಿ ಸಿಂಪಡಿಸುವ ಪಂಪಿಗೆ ಅದು ಬೇಕೇ ಬೇಕು. ಲೀಟರ್ ಪೆಟ್ರೋಲಿಗೆ 20 ಎಂಎಲ್ ಅಳೆದು ಹಾಕಿ, ಕ್ಯಾನ್ ಕುಲುಕಿ, ಟ್ಯಾಂಕಿಗೆ ಸುರಿದರೆ ಆಳಿನ ಬೆಳಗಿನ ಕೆಲಸ ಶುರು. ಅದೇ ಬಾಟಲಿಯಿಂದ ಒಂದಿಷ್ಟು ಆಯಿಲ್ ಪಕ್ಕದಲ್ಲಿ ನಿಂತ ಡೀಸೆಲ್ ಜೀಪಿನ ಟ್ಯಾಂಕಿಗೂ ಹೋಗುತ್ತದೆ. "ಒಂದೆರಡು ಮುಚ್ಚಳ ಹಾಕಿಬಿಡಿ ಸಾರ್, ಪಂಪಿಗೆ ಒಳ್ಳೇದು, ಸೌಂಡೂ ಕಮ್ಮಿ ಆಗುತ್ತೆ" ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಇಂಥದೇ ಒಂದು ಶೆಡ್ಡಿನಲ್ಲಿ. ನಂಬಿದೆ. ನಾಲ್ಕು ವರ್ಷ ನನ್ನ ಹಳೆಯ ಜೀಪಿಗೆ ತಪ್ಪದೆ ಹಾಕಿದೆ.

ಆಮೇಲೆ ಮನೆಗೆ ಕಾಮನ್ ರೈಲ್ ಎಂಜಿನ್ನಿನ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಭಾರಿ ಒತ್ತಡದಿಂದ ಡೀಸೆಲ್ ಸಿಂಪಡಿಸುವ, ಕಾರು ಬಂತು. ಬಾಟಲಿ ಹಿಡಿದು ಟ್ಯಾಂಕಿನ ಮುಚ್ಚಳ ತೆರೆದವನಿಗೆ ಮೊದಲ ಸಲ ಕೈ ತಡೆಯಿತು. ಜೀಪಿನ ಪಂಪ್ ಕೆಟ್ಟರೆ ಊರಿನಲ್ಲೇ ಬಿಚ್ಚಿ ರಿಪೇರಿ ಮಾಡುತ್ತಾರೆ. ಕಾರಿನದು ಕೆಟ್ಟರೆ ಬರುವ ಬಿಲ್ಲಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತದೆ. ಅಂದಿನಿಂದ ಈ ಪ್ರಶ್ನೆಯ ಬೆನ್ನು ಹತ್ತಿದ್ದೇನೆ. ಇದು ನಮ್ಮೂರಿನ ಪ್ರಶ್ನೆ ಮಾತ್ರವಲ್ಲ ಎಂಬುದೂ ಆಮೇಲೆ ಗೊತ್ತಾಯಿತು. ಜರ್ಮನಿಯ ಕಾರು ಮಾಲೀಕರು 200 ಲೀಟರ್ ಡೀಸೆಲ್ಲಿಗೆ ಒಂದು ಲೀಟರ್ ಟೂ-ಸ್ಟ್ರೋಕ್ ಆಯಿಲ್ ಎಂಬ ಲೆಕ್ಕವನ್ನು ವರ್ಷಗಟ್ಟಲೆ ಪಾಲಿಸಿಕೊಂಡು ಬಂದಿದ್ದಾರೆ. ದಕ್ಷಿಣ ಆಫ್ರಿಕಾದ ಪಿಕಪ್ ಮಾಲೀಕರಲ್ಲೂ ಇದೇ ರೂಢಿ, ಇದೇ ಲೆಕ್ಕ. ಇಷ್ಟು ದೂರದ ಜನ ಒಂದೇ ಮದ್ದು ಹಿಡಿದಿದ್ದಾರೆಂದರೆ ಅದರ ಹಿಂದೆ ಒಂದು ನಿಜವಾದ ರೋಗ ಇದ್ದಿರಲೇಬೇಕು. ಇತ್ತು ಕೂಡ. ಆ ರೋಗ ಏನು, ಈಗಲೂ ಇದೆಯೇ, ನಮ್ಮ ಗಾಡಿಗಳಿಗೆ ತಗುಲಿರುವುದು ಅದೇನಾ, ಬೇರೆಯದಾ ಎಂದು ನೋಡಿದ ಮೇಲೆ ಮದ್ದಿನ ಮಾತು.

ಡೀಸೆಲ್ ಪಂಪ್ ರಿಪೇರಿ ಅಂಗಡಿಯೊಂದರಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಮೂವತ್ತು ವರ್ಷದಿಂದ ಪಂಪ್, ನಾಝಲ್ ಬಿಟ್ಟು ಬೇರೇನೂ ಮುಟ್ಟದ ಮೆಕ್ಯಾನಿಕ್ ಒಬ್ಬರು ಲಾರಿಯ ಇನ್‌ಲೈನ್ ಪಂಪನ್ನು ಬಿಚ್ಚಿ, ಅದರ ಎಲಿಮೆಂಟ್‌ಗಳನ್ನು ಟ್ರೇಯಲ್ಲಿ ಸಾಲಾಗಿ ಇಟ್ಟಿದ್ದರು. ಎಲಿಮೆಂಟ್ ಎಂದರೆ ಬೆರಳು ಗಾತ್ರದ ಒಂದು ಉಕ್ಕಿನ ಕಡ್ಡಿ, ಅದು ಜಾರುವ ಒಂದು ಕೊಳವೆ. ಎರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್. ನಮ್ಮ ತಲೆಕೂದಲೊಂದರ ದಪ್ಪ ಸುಮಾರು 70 ಮೈಕ್ರಾನ್. ಅವರು ಒಂದು ಎಲಿಮೆಂಟನ್ನು ಶುದ್ಧ ಡೀಸೆಲ್ಲಿನಲ್ಲಿ ಅದ್ದಿ, ಕಡ್ಡಿಯನ್ನು ಮೂರನೇ ಒಂದು ಭಾಗ ಹೊರಗೆಳೆದು, ಕೊಳವೆಯನ್ನು ಓರೆಯಾಗಿ ಹಿಡಿದರು. ಕಡ್ಡಿ ತನ್ನ ಭಾರಕ್ಕೆ ತಾನೇ ನಿಧಾನವಾಗಿ, ಒಂದೇ ಹದದಲ್ಲಿ ಒಳಗೆ ಇಳಿಯಿತು. "ಇದು ಸರಿ ಇದೆ ಸಾರ್." ಮುಂದಿನದನ್ನು ಹಿಡಿದರು. ಅದು ಟಕ್ಕನೆ ಬಿತ್ತು. ಬೆಳಕಿಗೆ ಹಿಡಿದು ತೋರಿಸಿದರು: ಕನ್ನಡಿಯಂತೆ ಹೊಳೆಯಬೇಕಿದ್ದ ಕಡ್ಡಿಯ ಮೇಲೆ ಉದ್ದುದ್ದಕ್ಕೆ ಮಂಕಾದ ಒಂದು ಪಟ್ಟೆ. ಉಗುರಿಗೆ ತಾಗುವುದೂ ಇಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ. ಅಷ್ಟು ಸವೆದರೆ ಸಾಕು, ಬೆಳಿಗ್ಗೆ ಸ್ಟಾರ್ಟ್ ಆಗಲು ಗಾಡಿ ಒದ್ದಾಡುತ್ತದೆ.

ಈ ಕಡ್ಡಿಗೂ ಕೊಳವೆಗೂ ಎಂಜಿನ್ ಆಯಿಲ್ ತಲುಪುವುದಿಲ್ಲ. ಅವು ಜಾರುವುದು ಡೀಸೆಲ್ಲಿನ ಮೇಲೆಯೇ. ಇನ್‌ಲೈನ್ ಪಂಪಿನಲ್ಲಾದರೂ ಕೆಳಗಿನ ಕ್ಯಾಮ್ ಭಾಗಕ್ಕೆ ಬೇರೆ ಆಯಿಲ್ ಇರುತ್ತದೆ. ರೋಟರಿ ಪಂಪಿನಲ್ಲಿ ಅದೂ ಇಲ್ಲ. ಒಳಗಿನ ಎಲ್ಲ ಚಲನೆಗೂ ಡೀಸೆಲ್ ಒಂದೇ ಗತಿ. ಪೆಟ್ರೋಲ್ ಉರಿಯುವುದಕ್ಕಷ್ಟೇ ಇರುವ ಇಂಧನ. ಡೀಸೆಲ್ ಉರಿಯುವ ಮೊದಲು ಎಣ್ಣೆಯ ಕೆಲಸವನ್ನೂ ಮಾಡಬೇಕು. ಟ್ಯಾಂಕಿಗೆ ಆಯಿಲ್ ಹಾಕುವ ಯೋಚನೆ ಹುಟ್ಟಿದ್ದೇ ಇಲ್ಲಿ, ಹಾಗಾಗಿ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ.

ಕರ್ನಾಟಕದವರಿಗೆ ಈ ಪಂಪು ದೂರದ ವಸ್ತುವೇನಲ್ಲ. 1951ರಲ್ಲಿ ಶುರುವಾದ ಮೈಕೊ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪ್, ನಾಝಲ್‌ಗಳನ್ನು ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು, ಆದರೆ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇವತ್ತಿಗೂ ಮೈಕೊ ಪಂಪೇ. ದೇಶದ ಲಾರಿ, ಟ್ರ್ಯಾಕ್ಟರ್, ನೀರೆತ್ತುವ ಎಂಜಿನ್ನುಗಳಿಗೆ ಡೀಸೆಲ್ ಉಣಿಸಿದ ಎಷ್ಟೋ ಪಂಪುಗಳು ಹೊರಬಿದ್ದದ್ದು ನಮ್ಮ ಬೆಂಗಳೂರಿನಿಂದ.

ಹಾಗಾದರೆ ಡೀಸೆಲ್ಲಿನ ಜಾರುಗುಣಕ್ಕೆ ಏನಾಯಿತು? ಇಲ್ಲಿ ಗಂಧಕದ ಕತೆ ಬರುತ್ತದೆ. ಕಚ್ಚಾತೈಲದಲ್ಲಿ ಗಂಧಕ ಇದ್ದೇ ಇರುತ್ತದೆ. ಉರಿದಾಗ ಅದು ಗಾಳಿ ಕೆಡಿಸುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟನ್ನೂ ಹಾಳುಮಾಡುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಡೀಸೆಲ್ಲಿನಲ್ಲಿ ಶೇ. 1ರವರೆಗೆ ಗಂಧಕ ಇರಬಹುದಿತ್ತು, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 10,000 ಪಾಲು. ಭಾರತ್ ಸ್ಟೇಜ್-2ರಲ್ಲಿ ಅದು 500ಕ್ಕೆ, ಬಿಎಸ್-3ರಲ್ಲಿ 350ಕ್ಕೆ, ಬಿಎಸ್-4ರಲ್ಲಿ 50ಕ್ಕೆ ಇಳಿಯಿತು. ಬಿಎಸ್-4 ಡೀಸೆಲ್ ಬೆಂಗಳೂರಿಗೆ ಬಂದದ್ದು 2010ರಲ್ಲಿ, ಇಡೀ ದೇಶಕ್ಕೆ ಮುಟ್ಟಿದ್ದು 2017ರ ಏಪ್ರಿಲ್‌ನಲ್ಲಿ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕುಗಳಲ್ಲೂ ಬಿಎಸ್-6 ಡೀಸೆಲ್. ಗಂಧಕ ಹೆಚ್ಚೆಂದರೆ 10 ಪಾಲು. ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ರಿಫೈನರಿಗಳೆಲ್ಲ ಇದಕ್ಕಾಗಿ ಘಟಕಗಳನ್ನು ನವೀಕರಿಸಬೇಕಾಯಿತು. ಮೂವತ್ತು ವರ್ಷದೊಳಗೆ ಸಾವಿರ ಪಟ್ಟು ಇಳಿಕೆ. ನಮ್ಮ ಮಕ್ಕಳ ಶ್ವಾಸಕೋಶಕ್ಕೆ ಇದಕ್ಕಿಂತ ದೊಡ್ಡ ಉಪಕಾರ ವಾಹನ ಲೋಕದಲ್ಲಿ ಇನ್ನೊಂದಾಗಿಲ್ಲ ಎಂದೇ ನನ್ನ ನಂಬಿಕೆ.

"ಗಂಧಕ ಹೋಯ್ತು, ಡೀಸೆಲ್ ಒಣಗಿಹೋಯ್ತು" ಎನ್ನುವ ಮಾತನ್ನು ಗ್ಯಾರೇಜುಗಳಲ್ಲಿ ಈಗಲೂ ಕೇಳುತ್ತೇವೆ. ಇದು ಅರ್ಧ ನಿಜ. ಗಂಧಕ ಸ್ವತಃ ಜಾರುವ ವಸ್ತುವಲ್ಲ. ಅದನ್ನು ತೆಗೆಯಲು ರಿಫೈನರಿಯಲ್ಲಿ ಡೀಸೆಲ್ಲನ್ನು ಮುನ್ನೂರು ಡಿಗ್ರಿಗೂ ಮೀರಿದ ಶಾಖದಲ್ಲಿ, ಒತ್ತಡದಲ್ಲಿ, ಹೈಡ್ರೋಜನ್ ಜೊತೆ ಕ್ಯಾಟಲಿಸ್ಟ್ ಮೇಲೆ ಹಾಯಿಸುತ್ತಾರೆ. ಆಗ ಗಂಧಕದ ಜೊತೆಗೆ ಸಾರಜನಕ, ಆಮ್ಲಜನಕ ಸೇರಿಕೊಂಡ ಕೆಲವು ಸಂಯುಕ್ತಗಳೂ ನಾಶವಾಗುತ್ತವೆ. ಉಕ್ಕಿನ ಮೈಗೆ ಅಂಟಿಕೊಂಡು ತೆಳು ಪೊರೆಯಾಗಿ ನಿಂತು, ಲೋಹಕ್ಕೆ ಲೋಹ ಉಜ್ಜದಂತೆ ಕಾಯುತ್ತಿದ್ದವು ಇವೇ. ಕಳೆ ಕೀಳಲು ಹೋಗಿ ಪೈರನ್ನೂ ಕಿತ್ತ ಹಾಗಾಯಿತು.

ಇದರ ಪೆಟ್ಟು ಮೊದಲು ಬಿದ್ದದ್ದು ಸ್ವೀಡನ್ನಿನ ಮೇಲೆ. 1991ರಲ್ಲಿ ಆ ದೇಶ ತೆರಿಗೆ ರಿಯಾಯಿತಿ ಕೊಟ್ಟು ಹತ್ತು ಲಕ್ಷಕ್ಕೆ 10 ಪಾಲು ಗಂಧಕದ ಡೀಸೆಲ್ಲನ್ನು ಮಾರುಕಟ್ಟೆಗೆ ತಂದಿತು. ನಮಗಿಂತ ಸುಮಾರು ಮೂವತ್ತು ವರ್ಷ ಮೊದಲು. ಹಿಂದೆಯೇ ಪಂಪುಗಳು ಸವೆದು ಕೆಡತೊಡಗಿದವು, ರೋಟರಿ ಪಂಪುಗಳೇ ಹೆಚ್ಚಾಗಿ. ಕಾರಣ ಹುಡುಕಿದವರು ಪರಿಹಾರವನ್ನೂ ಹುಡುಕಿದರು: ರಿಫೈನರಿಯಲ್ಲೇ ಕೊಬ್ಬಿನಾಮ್ಲ ಅಥವಾ ಎಸ್ಟರ್ ಜಾತಿಯ ಒಂದು ಸೇರ್ಪಡೆಯನ್ನು ಹತ್ತು ಲಕ್ಷಕ್ಕೆ ನೂರಿನ್ನೂರು ಪಾಲಿನಷ್ಟು ಬೆರೆಸುವುದು. ಆಗಿನಿಂದ ಡೀಸೆಲ್ಲಿನ ಜಾರುಗುಣ ಅಳೆಯಬಹುದಾದ, ಅಳೆಯಲೇಬೇಕಾದ ಒಂದು ಗುಣವಾಯಿತು.

ಅಳೆಯುವ ಬಗೆ ಸರಳ, ಸುಂದರ. ಎರಡು ಎಂಎಲ್ ಡೀಸೆಲ್ಲನ್ನು 60 ಡಿಗ್ರಿಗೆ ಕಾಯಿಸಿ, ಅದರಲ್ಲಿ ಮುಳುಗಿದ ಉಕ್ಕಿನ ಬಿಲ್ಲೆಯ ಮೇಲೆ 6 ಮಿಲಿಮೀಟರ್ ಗಾತ್ರದ ಉಕ್ಕಿನ ಗುಂಡನ್ನು 200 ಗ್ರಾಂ ಭಾರದಲ್ಲಿ ಒತ್ತಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಉಜ್ಜುತ್ತಾರೆ. 75 ನಿಮಿಷ ಬಿಟ್ಟು ಗುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಸವೆದ ಕಲೆಯ ಅಗಲ ಅಳೆಯುತ್ತಾರೆ. ಎರಡು ಲಕ್ಷದ ಇಪ್ಪತ್ತೈದು ಸಾವಿರ ಉಜ್ಜಾಟದ ನಂತರವೂ ಕಲೆ 460 ಮೈಕ್ರಾನ್ ಮೀರಬಾರದು. ಯುರೋಪಿನ ಮಾನಕ ಇದು, ನಮ್ಮ ಐಎಸ್ 1460 ಮಾನಕವೂ ಇದೇ. ಅಮೆರಿಕ ಮಾತ್ರ 520 ಮೈಕ್ರಾನ್‌ವರೆಗೆ ಸಡಿಲ ಬಿಟ್ಟಿದೆ.

ಅಂದರೆ, ನಮ್ಮ ಬಂಕಿಗೆ ಬರುವ ಡೀಸೆಲ್ಲಿಗೆ ಜಾರುಗುಣದ ಮದ್ದು ಮೊದಲೇ ಬಿದ್ದಿರುತ್ತದೆ. ಈ ಒಂದು ಸಂಗತಿ 2ಟಿ ಹಾಕುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನನಗೂ ಆ ನಾಲ್ಕು ವರ್ಷ ಗೊತ್ತಿರಲಿಲ್ಲ.

ಸರಿ, ಇಷ್ಟೊಂದು ಎಣ್ಣೆಗಳಿರುವಾಗ ಜನ 2ಟಿಯನ್ನೇ ಯಾಕೆ ಆರಿಸಿದರು? ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಪೆಟ್ರೋಲ್ ಜೊತೆಯೇ ಒಳಗೆ ಹೋಗಿ, ಬೇರಿಂಗ್, ಪಿಸ್ಟನ್‌ಗಳನ್ನು ನೆನೆಸಿ, ಕೊನೆಗೆ ಉರಿದು ಹೊರಬೀಳುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆ ನೀಲಿ ಹೊಗೆ, ಆ ವಾಸನೆ ಒಂದು ತಲೆಮಾರಿನ ನೆನಪು. ಉರಿಯುವುದಕ್ಕೆಂದೇ ಮಾಡಿದ ಎಣ್ಣೆಯಾದ್ದರಿಂದ ಅದರಲ್ಲಿ ಬೂದಿ ಬಿಡುವ ಲೋಹದ ಲವಣಗಳು ಎಂಜಿನ್ ಆಯಿಲ್ಲಿಗಿಂತ ಬಹಳ ಕಡಿಮೆ. ಇಂಧನದಲ್ಲಿ ಬೇಗ ಕರಗಲಿ ಎಂದು ಸೀಮೆಎಣ್ಣೆಯಂಥ ದ್ರಾವಕವೂ ಸ್ವಲ್ಪ ಸೇರಿರುತ್ತದೆ. ಅಗ್ಗ, ಎಲ್ಲ ಬಂಕಿನಲ್ಲೂ ಸಿಗುತ್ತದೆ. ದೋಣಿಗಳ ಔಟ್‌ಬೋರ್ಡ್ ಎಂಜಿನ್ನಿಗೆಂದು ಮಾಡುವ ಟಿಸಿ-ಡಬ್ಲ್ಯೂ3 ದರ್ಜೆಯ ಆಯಿಲ್ ಇನ್ನೂ ಒಂದು ಹೆಜ್ಜೆ ಮುಂದೆ: ಅದು ಬೂದಿಯನ್ನೇ ಬಿಡದಂತೆ ರೂಪಿಸಿದ್ದು. ಹೊರಗಿನಿಂದ ಏನಾದರೂ ಹಾಕಲೇಬೇಕೆಂದರೆ ಇದ್ದುದರಲ್ಲಿ ತಿಳಿವಳಿಕೆಯ ಆಯ್ಕೆ ಎನ್ನಬಹುದು.

ಅದು ಕೆಲಸ ಮಾಡುತ್ತದೆಯೇ? ಇದಕ್ಕೆ ಅಂದಾಜಿನ ಉತ್ತರ ಬೇಕಿಲ್ಲ, ಅಳತೆಯ ಉತ್ತರವೇ ಇದೆ. 2007ರಲ್ಲಿ ಅಮೆರಿಕದ ಡೀಸೆಲ್ ಪಿಕಪ್ ಮಾಲೀಕರು ತಮ್ಮತಮ್ಮಲ್ಲೇ ಹಣ ಕೂಡಿಸಿ, ಮಾರುಕಟ್ಟೆಯಲ್ಲಿ ಸಿಗುವ ಹಲವು ಸೇರ್ಪಡೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರು. ಯಾವ ಮದ್ದೂ ಬೆರೆಸದ, ಗಂಧಕ ತೆಗೆದ ಬರಿಯ ಡೀಸೆಲ್ಲಿನಲ್ಲಿ ಗುಂಡಿನ ಮೇಲಿನ ಕಲೆ 636 ಮೈಕ್ರಾನ್. ಅದಕ್ಕೆ 200ಕ್ಕೆ 1ರಂತೆ ಟಿಸಿ-ಡಬ್ಲ್ಯೂ3 ಆಯಿಲ್ ಬೆರೆಸಿದಾಗ 474. ಹಳೆಯ ಎಂಜಿನ್ ಆಯಿಲ್ ಬೆರೆಸಿದಾಗ 634, ಅಂದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಶೇ. 2ರಷ್ಟು ಸೋಯಾ ಬಯೋಡೀಸೆಲ್ ಬೆರೆಸಿದಾಗ 221.

ಈ ನಾಲ್ಕು ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 2ಟಿ ಹಾಕುವವರು ಹೇಳುವುದು ಸುಳ್ಳಲ್ಲ. 162 ಮೈಕ್ರಾನ್ ಇಳಿಕೆ ಸಣ್ಣದಲ್ಲ. ಆದರೆ ಅಷ್ಟಾದರೂ ಅದು ನಮ್ಮ 460ರ ಗೆರೆಯನ್ನು ಮುಟ್ಟಲಿಲ್ಲ. ನಮ್ಮ ಬಂಕಿನ ಡೀಸೆಲ್ ಏನೂ ಹಾಕುವ ಮೊದಲೇ ಆ ಗೆರೆಯ ಒಳಗಿರಬೇಕು. ಅಲ್ಲಿ ಪರೀಕ್ಷೆ ಮಾಡಿದ್ದು ಬರಿಯ ಡೀಸೆಲ್ಲಿಗೆ ಮದ್ದು ಹಾಕಿ. ನಾವು ಮಾಡುತ್ತಿರುವುದು ಮದ್ದು ಕುಡಿದವನಿಗೆ ಇನ್ನೊಂದು ಮದ್ದು ಕುಡಿಸುವುದು. ಒಂದೇ ಡೀಸೆಲ್ಲನ್ನು ಎರಡು ಸಲ ಅಳೆದರೂ ಫಲಿತಾಂಶ ಕೆಲವು ಹತ್ತು ಮೈಕ್ರಾನ್ ಆಚೀಚೆಯಾಗುವ ಪರೀಕ್ಷೆ ಇದು ಎಂಬುದನ್ನೂ ಮರೆಯುವಂತಿಲ್ಲ.

ನನ್ನ ಕಣ್ಣಿಗೆ ಹೆಚ್ಚು ಬಿದ್ದದ್ದು 221. ಗಿಡದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಎರಡೇ ಪಾಲು ಸೇರಿದರೂ ಸವೆತ ಮೂರನೇ ಒಂದು ಭಾಗಕ್ಕೆ ಇಳಿಯಿತು. ಈ ವಿದ್ಯೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸುವ ಕೆಲಸವನ್ನು ಹಳ್ಳಿಗಳವರೆಗೆ ಒಯ್ದರು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಎದ್ದಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ಹೊತ್ತಿಗೆ ಡೀಸೆಲ್ಲಿನಲ್ಲಿ ಶೇ. 5 ಬಯೋಡೀಸೆಲ್ ಇರಬೇಕೆಂಬ ಗುರಿ ಹಾಕಿಕೊಂಡಿದೆ. ಬಿಎಸ್-6 ಮಾನಕ ಶೇ. 7ರವರೆಗೆ ಒಪ್ಪುತ್ತದೆ. ಗುರಿ ಕೈಗೂಡಿದರೆ ಜಾರುಗುಣದ ಪ್ರಶ್ನೆಯೇ ಉಳಿಯುವುದಿಲ್ಲ. ಒಂದು ಎಚ್ಚರ ಮಾತ್ರ ಹೇಳಬೇಕು: ಗಾಣದಿಂದ ತಂದ ಹೊಂಗೆ ಎಣ್ಣೆಯನ್ನು ಹಾಗೆಯೇ ಕಾರಿಗೆ ಸುರಿಯುವುದು ಬೇರೆ, ಅದನ್ನು ರಾಸಾಯನಿಕವಾಗಿ ಬದಲಿಸಿ ಗ್ಲಿಸರಿನ್ ತೆಗೆದು ಮಾಡಿದ ಬಯೋಡೀಸೆಲ್ ಬೇರೆ. ಮೊದಲನೆಯದು ಇಂಜೆಕ್ಟರಿನಲ್ಲಿ ಅಂಟುಗಟ್ಟುತ್ತದೆ.

2ಟಿಯ ಬಗ್ಗೆ ಹೇಳುವ ಉಳಿದ ಗುಣಗಳನ್ನು ಬೇಗ ನೋಡಿಬಿಡೋಣ. ಮೈಲೇಜ್ ಹೆಚ್ಚುತ್ತದೆ ಎನ್ನುತ್ತಾರೆ. ಇನ್ನೂರರಲ್ಲಿ ಒಂದು ಪಾಲು ಆಯಿಲ್ ತರುವ ವ್ಯತ್ಯಾಸ ಬಂಕಿನಲ್ಲಿ ಟ್ಯಾಂಕ್ ತುಂಬಿಸುವಾಗಿನ ಏರುಪೇರಿಗಿಂತ ಸಣ್ಣದು. ಹೊಗೆ ಕಮ್ಮಿಯಾಗುತ್ತದೆ ಎನ್ನುತ್ತಾರೆ. ಹೊಗೆಗೆ ಏರ್ ಫಿಲ್ಟರ್, ನಾಝಲ್, ಟೈಮಿಂಗ್ ಕಾರಣ. ಅವನ್ನು ಸರಿಮಾಡದೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಸದ್ದಿನ ವಿಷಯಕ್ಕೆ ಮಾತ್ರ ನಾನು ಬಹಳ ದಿನ ಸಾಕ್ಷಿ ಹೇಳುತ್ತಿದ್ದೆ. ಆಯಿಲ್ ಹಾಕಿದ ದಿನ ಜೀಪು ಮೆತ್ತಗೆ ಓಡುತ್ತದೆ ಎಂದು ನನ್ನ ಕಿವಿ ಹೇಳುತ್ತಿತ್ತು. ಕೊನೆಗೆ ತಮ್ಮನಿಗೆ ಒಂದು ಕೆಲಸ ಹೇಳಿದೆ: ಆರು ಸಲ ಟ್ಯಾಂಕ್ ತುಂಬಿಸುವಾಗ ಕೆಲವು ಸಲ ಹಾಕು, ಕೆಲವು ಸಲ ಬಿಡು, ನನಗೆ ಹೇಳಬೇಡ, ಬರೆದಿಡು. ನಾನೂ ಓಡಿಸಿ ನೋಡಿ ಬರೆದಿಟ್ಟೆ. ಎರಡೂ ಚೀಟಿ ಒಟ್ಟಿಗಿಟ್ಟು ನೋಡಿದಾಗ ಆರರಲ್ಲಿ ಮೂರು ಸರಿ, ಮೂರು ತಪ್ಪು. ಕಾಸು ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಚಳಿ, ಎಂಜಿನ್ನಿನ ಕಾವು, ರಸ್ತೆ, ನಮ್ಮ ನಿರೀಕ್ಷೆ ಎಲ್ಲವೂ ಸೇರಿ ಕಿವಿಯನ್ನು ತಿದ್ದುತ್ತವೆ. ಕಾಮನ್ ರೈಲ್ ಕಾರಿನಲ್ಲಂತೂ ಕಂಪ್ಯೂಟರೇ ಮುಖ್ಯ ಸಿಂಪಡಣೆಗೆ ಮೊದಲು ಒಂದು ಹನಿ ಡೀಸೆಲ್ ಬಿಟ್ಟು ಸದ್ದನ್ನು ತಗ್ಗಿಸುತ್ತದೆ. ಅಲ್ಲಿ ಎಣ್ಣೆಗೆ ಮಾಡಲು ಕೆಲಸವೇ ಇಲ್ಲ.

ಇನ್ನು ಅಪಾಯದ ಬದಿ. 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆಯ ಮೊದಲ ತಲೆಮಾರಿನಲ್ಲೇ ಒತ್ತಡ 1,350 ಬಾರ್. ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಟನ್ನಿಗೂ ಹೆಚ್ಚು ಭಾರ ಎಂದು ಊಹಿಸಿಕೊಳ್ಳಿ. ಇವತ್ತಿನವು 2,000 ಬಾರ್ ದಾಟಿವೆ. ಹಳೆಯ ಜೀಪಿನ ನಾಝಲ್ ನೂರಿನ್ನೂರು ಬಾರ್‌ಗೆ ತೆರೆದುಕೊಳ್ಳುವಂಥದ್ದು. ಹೊಸ ಇಂಜೆಕ್ಟರಿನ ತೂತುಗಳು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಒಳಗಿನ ಸೂಜಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ತೆರೆದು ಮುಚ್ಚಬೇಕು. ಆ ತೂತಿನಲ್ಲಿ, ಆ ಸೂಜಿಯ ಮೈಮೇಲೆ ಎಷ್ಟು ತೆಳು ಪದರ ಕೂತರೂ ತೊಂದರೆಯೇ. ಇಂಜೆಕ್ಟರಿನಲ್ಲಿ ಕರಿ ಕಟ್ಟುವುದನ್ನು ಪರೀಕ್ಷಿಸುವ ಯುರೋಪಿನ ಪ್ರಯೋಗಾಲಯಗಳು ಬೇಗ ಕಟ್ಟಲಿ ಎಂದು ಡೀಸೆಲ್ಲಿಗೆ ಬೇಕೆಂದೇ ಸತು ಬೆರೆಸುತ್ತವೆ. ಎಷ್ಟು ಗೊತ್ತೇ? ಹತ್ತು ಲಕ್ಷಕ್ಕೆ ಒಂದೇ ಪಾಲು. ಎಂಜಿನ್ ಆಯಿಲ್ಲಿನಲ್ಲಿ ಸವೆತ ತಡೆಯಲೆಂದು ಸತು ಇರುತ್ತದೆ, ಸುಮಾರು 800 ಪಾಲು. ಲಾರಿಯವರು ಮಾಡುವಂತೆ ಇಳಿಸಿದ ಎಂಜಿನ್ ಆಯಿಲ್ಲನ್ನು ಇನ್ನೂರಕ್ಕೆ ಒಂದರಂತೆ ಡೀಸೆಲ್ಲಿಗೆ ಬೆರೆಸಿದರೆ ಆ ಪರೀಕ್ಷೆಯಲ್ಲಿ ಬಳಸುವುದಕ್ಕಿಂತ ನಾಲ್ಕು ಪಟ್ಟು ಸತು ಸೇರಿದಂತಾಯಿತು. 2ಟಿ ಆಯಿಲ್ಲಿನಲ್ಲಿ ಸಾಮಾನ್ಯವಾಗಿ ಸತು ಇರುವುದಿಲ್ಲ, ಅಷ್ಟರ ಮಟ್ಟಿಗೆ ಅದು ವಾಸಿ. ಆದರೆ ಅದರಲ್ಲಿರುವ ಕೊಳೆ ತೊಳೆಯುವ ರಾಸಾಯನಿಕಗಳನ್ನು ಟೂ-ಸ್ಟ್ರೋಕ್ ಎಂಜಿನ್ನಿಗೆಂದು ಆರಿಸಿದ್ದೇ ಹೊರತು, 2,000 ಬಾರ್ ಒತ್ತಡದ ಇಂಜೆಕ್ಟರಿನ ಒಳಗೆ ಹೇಗಿರುತ್ತವೆ ಎಂದು ನೋಡಿ ಆರಿಸಿದ್ದಲ್ಲ.

ಬಿಎಸ್-6 ಕಾರಿನ ಸೈಲೆನ್ಸರ್ ಸಾಲಿನಲ್ಲಿ ಇನ್ನೊಂದು ದುಬಾರಿ ವಸ್ತು ಕೂತಿದೆ: ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್. ಹಿಡಿದ ಮಸಿಯನ್ನು ಅದು ಆರುನೂರು ಡಿಗ್ರಿ ಆಸುಪಾಸಿನ ಶಾಖದಲ್ಲಿ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆದರೆ ಬೂದಿ ಸುಡುವುದಿಲ್ಲ. ಸೇರಿದ್ದು ಸೇರಿದಂತೆಯೇ, ಫಿಲ್ಟರ್ ತುಂಬುವವರೆಗೆ. ಒಂದು ಲೆಕ್ಕ ಮಾಡೋಣ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು 10,000 ಕಿಲೋಮೀಟರಿಗೆ ಸುಮಾರು 667 ಲೀಟರ್ ಡೀಸೆಲ್ ಕುಡಿಯುತ್ತದೆ. ಇನ್ನೂರಕ್ಕೆ ಒಂದರಂತೆ ಹಾಕಿದರೆ 2ಟಿ ಆಯಿಲ್ ಮೂರೂಕಾಲು ಲೀಟರಿನಷ್ಟಾಯಿತು, ತೂಕದಲ್ಲಿ 2.9 ಕೆಜಿ. ಜಪಾನಿನ ಜಾಸೊ ಮಾನಕದಂತೆ ಇಂಥ ಆಯಿಲ್ಲಿನಲ್ಲಿ ಶೇ. 0.25ರವರೆಗೆ ಬೂದಿ ಇರಬಹುದು. ಅಂದರೆ ಏಳು ಗ್ರಾಂ. ಅದೇ ಅವಧಿಯಲ್ಲಿ ಎಂಜಿನ್ ಅರ್ಧ ಲೀಟರ್ ಎಂಜಿನ್ ಆಯಿಲ್ ಸುಟ್ಟಿತೆಂದುಕೊಳ್ಳಿ. ಡಿಪಿಎಫ್ ಗಾಡಿಗಳಿಗೆಂದೇ ಮಾಡಿದ ಶೇ. 0.8 ಬೂದಿಯ ಆಯಿಲ್ ಆದರೆ ಅದರಿಂದ ಬರುವುದು ಮೂರೂವರೆ ಗ್ರಾಂ. ಕಂಪನಿ ಲೆಕ್ಕ ಹಾಕಿ ಕೊಟ್ಟ ಮೂರೂವರೆ ಗ್ರಾಮಿನ ಮೇಲೆ ನಾವೇ ಕೈಯಾರೆ ಏಳು ಗ್ರಾಂ ಹೇರಿದಂತಾಯಿತು. ಫಿಲ್ಟರಿನ ಆಯಸ್ಸು ಎಷ್ಟು ಬೇಗ ಕರಗುತ್ತದೆಂದು ಬೇರೆ ಹೇಳಬೇಕೇ? ಬೂದಿಯಿಲ್ಲದ ಟಿಸಿ-ಡಬ್ಲ್ಯೂ3 ಹಾಕಿದರೆ ಈ ಲೆಕ್ಕ ಬದಲಾಗುತ್ತದೆ, ನಿಜ. ಆದರೆ ನಮ್ಮ ಬಂಕಿನ ಕಪಾಟಿನಲ್ಲಿ ಸಾಲಾಗಿ ನಿಂತಿರುವುದು ಅದಲ್ಲ, ಸ್ಕೂಟರಿನ 2ಟಿ.

ಕಾರಿನ ಜೊತೆ ಬರುವ ಕೈಪಿಡಿ ತೆರೆದು ನೋಡಿದರೆ, ಕಂಪನಿ ಹೇಳದ ಯಾವುದನ್ನೂ ಇಂಧನಕ್ಕೆ ಬೆರೆಸಬೇಡಿ ಎಂಬ ಸಾಲು ಒಂದಲ್ಲ ಒಂದು ರೂಪದಲ್ಲಿ ಸಿಗುತ್ತದೆ. ವಾರಂಟಿ ಇರುವ ಗಾಡಿಗೆ ಅದೊಂದೇ ಸಾಲು ಸಾಕು.

ಇಷ್ಟು ಹೇಳಿದ ಮೇಲೆ ನಮ್ಮ ಡೀಸೆಲ್ ಗಾಡಿಗಳ ನಿಜವಾದ ರೋಗದ ಕಡೆ ತಿರುಗಬೇಕು. ಲಾರಿಯವರು ಡೀಸೆಲ್ಲಿಗೆ ಆಯಿಲ್ ಬೆರೆಸಲು ಕಲಿತದ್ದು ಸ್ವೀಡನ್ನಿನ ಕಾರಣಕ್ಕಲ್ಲ. ರೇಷನ್ ಸೀಮೆಎಣ್ಣೆ ಅಗ್ಗವಾಗಿದ್ದ ಕಾಲದಲ್ಲಿ ಅದನ್ನು ಡೀಸೆಲ್ಲಿಗೆ ಬೆರೆಸುವ ದಂಧೆ ದೇಶದುದ್ದಕ್ಕೂ ನಡೆಯುತ್ತಿತ್ತು. ಸೀಮೆಎಣ್ಣೆ ತೆಳು, ಜಾರುಗುಣ ಕಡಿಮೆ, ಪಂಪನ್ನು ತಿನ್ನುತ್ತದೆ. ಕಲಬೆರಕೆಯ ಅನುಮಾನ ಬಂದವರು ಒಂದಿಷ್ಟು ಆಯಿಲ್ ಸುರಿದು ಪಂಪ್ ಉಳಿಸಿಕೊಳ್ಳುತ್ತಿದ್ದರು. ತಾವೇ ಸೀಮೆಎಣ್ಣೆ ಬೆರೆಸಿಕೊಂಡವರೂ ಅದನ್ನೇ ಮಾಡುತ್ತಿದ್ದರು. ಈ ದಂಧೆಗೆ ಎದುರು ನಿಂತು ಜೀವ ಕೊಟ್ಟವರು ನಮ್ಮವರೇ. ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಲಖನೌ ಐಐಎಂನಲ್ಲಿ ಕಲಿತು ಇಂಡಿಯನ್ ಆಯಿಲ್ ಸೇರಿದ್ದ ಷಣ್ಮುಗಂ ಮಂಜುನಾಥ್, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡ ತಪ್ಪಿಗೆ 2005ರ ನವೆಂಬರ್ 19ರಂದು ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಡೀಸೆಲ್ಲಿನ ಶುದ್ಧತೆಯ ಬಗ್ಗೆ ಮಾತಾಡುವಾಗಲೆಲ್ಲ ಆ ಹೆಸರು ನೆನಪಾಗಬೇಕು ಎಂದು ನನಗನಿಸುತ್ತದೆ. ಕಲಬೆರಕೆ ಡೀಸೆಲ್ಲಿಗೆ ಮದ್ದು ಟ್ಯಾಂಕಿಗೆ ಸುರಿಯುವ ಬಾಟಲಿಯಲ್ಲಿಲ್ಲ, ಬಂಕಿನ ತಪಾಸಣೆಯಲ್ಲಿದೆ. ಯಾವ ಗ್ರಾಹಕನಾದರೂ ಬಂಕಿನಲ್ಲಿ ಡೀಸೆಲ್ಲಿನ ಸಾಂದ್ರತೆ ಅಳೆದು ತೋರಿಸಿ ಎಂದು ಕೇಳಬಹುದು. ತೋರಿಸುವುದು ಅವರ ಕರ್ತವ್ಯ. 15 ಡಿಗ್ರಿಗೆ ಹೊಂದಿಸಿದ ಅಂಕಿ ಅವರ ದಾಖಲೆಯ ಅಂಕಿಗಿಂತ ಘನ ಮೀಟರಿಗೆ 3 ಕೆಜಿಗಿಂತ ಹೆಚ್ಚು ಆಚೀಚೆಯಾಗಿದ್ದರೆ ಅನುಮಾನ ಪಡಬೇಕು.

ಎರಡನೆಯ ರೋಗ ನೀರು. ಇದನ್ನು ನಾನು ದುಡ್ಡು ತೆತ್ತು ಕಲಿತೆ. ಒಂದು ಜುಲೈನ ಜಡಿಮಳೆಯಲ್ಲಿ ಹೆದ್ದಾರಿ ಬದಿಯ ಬಂಕೊಂದರಲ್ಲಿ ಟ್ಯಾಂಕ್ ತುಂಬಿಸಿ ಹತ್ತು ಕಿಲೋಮೀಟರ್ ಹೋಗಿಲ್ಲ, ಕಾರು ಎಳೆಯುವುದು ಬಿಟ್ಟಿತು, ಆಮೇಲೆ ನಿಂತೇಬಿಟ್ಟಿತು. ಟೋ ಮಾಡಿಸಿ ಫಿಲ್ಟರಿನ ಡ್ರೈನ್ ಬಿಚ್ಚಿದಾಗ ಗಾಜಿನ ಲೋಟದ ತಳದಲ್ಲಿ ಎರಡು ಬೆರಳು ನೀರು, ಮೇಲೆ ಡೀಸೆಲ್, ನಡುವೆ ಕಂದು ಕೆನೆಯಂಥ ಒಂದು ಪದರ. ಆ ಕೆನೆ ಜೀವಂತ: ಡೀಸೆಲ್ಲಿಗೂ ನೀರಿಗೂ ನಡುವಿನ ಗೆರೆಯಲ್ಲಿ ಬೆಳೆಯುವ ಬೂಷ್ಟು, ಬ್ಯಾಕ್ಟೀರಿಯಾ. ಎರಡು ಇಂಜೆಕ್ಟರ್ ಹೋದವು. ಅವನ್ನು ಬಿಚ್ಚಿದ ಮೆಕ್ಯಾನಿಕ್ ಸೂಜಿಯ ತುದಿಯ ತುಕ್ಕಿನ ಚುಕ್ಕೆಗಳನ್ನು ತೋರಿಸಿ, "ಇದಕ್ಕೆ ಯಾವ ಆಯಿಲ್ ಹಾಕಿದ್ರೂ ತಡೆಯೋಕಾಗ್ತಿರಲಿಲ್ಲ ಸಾರ್" ಎಂದರು. ಆಯಿಲ್ ಹಾಕಿದ್ದರೆ ಇನ್ನೂ ಕೆಟ್ಟದಾಗುವ ಸಾಧ್ಯತೆಯೂ ಇತ್ತು. ಕೊಳೆ ತೊಳೆಯುವ ರಾಸಾಯನಿಕಗಳು ನೀರನ್ನು ಸಣ್ಣ ಹನಿಗಳಾಗಿ ಡೀಸೆಲ್ಲಿನಲ್ಲೇ ತೇಲಿಸಿಡಬಲ್ಲವು. ಆಗ ಫಿಲ್ಟರಿನ ತಳದಲ್ಲಿ ತಂಗಬೇಕಾದ ನೀರು ಅಲ್ಲಿ ತಂಗದೆ ನೇರ ಪಂಪಿಗೆ ಹೋಗುತ್ತದೆ.

ಹಾಗಾಗಿ ನನ್ನ ತೀರ್ಮಾನ ಗಾಡಿಯ ವಯಸ್ಸು ನೋಡಿ ಬದಲಾಗುತ್ತದೆ. ಮೆಕ್ಯಾನಿಕಲ್ ಪಂಪಿನ ಹಳೆಯ ಜೀಪು, ಟ್ರ್ಯಾಕ್ಟರ್, ಟ್ರ್ಯಾಕ್ಸ್ ಇಟ್ಟುಕೊಂಡವರು ಲೀಟರಿಗೆ 5 ಎಂಎಲ್‌ನಂತೆ ಒಳ್ಳೆಯ 2ಟಿ ಹಾಕಿದರೆ ಹಾಳಾಗುವಂಥದ್ದು ಏನೂ ಇಲ್ಲ. ಗಂಧಕ ಹೆಚ್ಚಿದ್ದ ಕಾಲದ ಡೀಸೆಲ್ಲಿಗೆಂದು ಮಾಡಿದ ರೋಟರಿ ಪಂಪಿಗೆ ಚೂರು ನೆರವಾದರೂ ಆಗಬಹುದು. ಅದನ್ನು ಹಾಕದಿದ್ದರೆ ಪಂಪ್ ಹೋಗುತ್ತದೆ ಎಂಬ ಭಯ ಮಾತ್ರ ಬೇಡ. ಕಾಮನ್ ರೈಲ್ ಇರುವ ಆದರೆ ಡಿಪಿಎಫ್ ಇಲ್ಲದ ಬಿಎಸ್-3, ಬಿಎಸ್-4 ಕಾರುಗಳಿಗೆ ಲಾಭ ಕಾಣುವುದಿಲ್ಲ, ಅಪಾಯ ಸಣ್ಣದಾದರೂ ಇದೆ. ನಾನು ನನ್ನದಕ್ಕೆ ಹಾಕುವುದನ್ನು ನಿಲ್ಲಿಸಿದ್ದೇನೆ. ಬಿಎಸ್-6 ಕಾರಿಗೆ ಹಾಕಲೇಬಾರದು. ಇಳಿಸಿದ ಎಂಜಿನ್ ಆಯಿಲ್ಲನ್ನು ಯಾವ ಗಾಡಿಗೂ, ಎಷ್ಟೇ ಹಳೆಯದಾಗಲಿ, ಬೆರೆಸಬಾರದು.

ತಿಂಗಳಿಗೆ 2ಟಿಗೆ ಸುರಿಯುವ ದುಡ್ಡನ್ನು ಎತ್ತಿಟ್ಟರೆ ವರ್ಷಕ್ಕೆ ಒಂದು ಒಳ್ಳೆಯ ಡೀಸೆಲ್ ಫಿಲ್ಟರ್ ಬರುತ್ತದೆ. ಮಳೆಗಾಲಕ್ಕೆ ಮೊದಲು ಅದನ್ನು ಬದಲಿಸಿ. ಮಳೆ ಹಿಡಿದ ಮೇಲೆ ತಿಂಗಳಿಗೊಮ್ಮೆ ಡ್ರೈನ್ ಸ್ಕ್ರೂ ಸಡಿಲಿಸಿ ನೀರು ಬಿಡಿ. ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ, ಖಾಲಿ ಜಾಗದ ತೇವವೇ ರಾತ್ರಿ ನೀರಾಗುವುದು. ಡೀಸೆಲ್ ಹಾಕಿಸಿದಾಗಲೆಲ್ಲ ಬಿಲ್ ಇಸಿದುಕೊಳ್ಳಿ, ನೀರು ಬಂದ ದಿನ ನಿಮ್ಮ ಕೈಲಿರುವ ಸಾಕ್ಷಿ ಅದೊಂದೇ. ನಿಮ್ಮ ಗಾಡಿಯ ಡೀಸೆಲ್ ಫಿಲ್ಟರ್ ಕೊನೆಯ ಸಲ ಬದಲಾದದ್ದು ಯಾವಾಗ ಎಂದು ಇವತ್ತೇ ಸರ್ವಿಸ್ ಪುಸ್ತಕ ತೆಗೆದು ನೋಡಿ.